ಸಣ್ಣ ಕೆರೆಯಲ್ಲಿ ಕಯಾಕ್‌ನಿಂದ ಮೀನು ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಯಾಕ್ ಎಂದರೆ ಕೂತು ಹುಟ್ಟು ಹಾಕಿ ನಡೆಸುವ ಕಿರಿದಾದ ಚಿಕ್ಕ ದೋಣಿ. ಇಲ್ಲಿ ಸಣ್ಣ ಕೆರೆ ಎಂದರೆ ಹೆಚ್ಚಿನ ಕಡೆ ಒಂದರಿಂದ ಎರಡು ಮೀಟರ್ ಆಳ, ತಳದಲ್ಲಿ ಕೆಸರು, ಅಂಚಿನಲ್ಲಿ ಜೊಂಡು, ಯಾರು ಬೇಕಾದರೂ ಹೋಗಬಹುದಾದ ಸಾರ್ವಜನಿಕ ಕೆರೆ. ದೊಡ್ಡ ಜಲಾಶಯಕ್ಕೂ ಸಮುದ್ರಕ್ಕೂ ಬೇಕಾದ ತಯಾರಿಯೇ ಬೇರೆ, ಅದನ್ನು ಇಲ್ಲಿ ಹೇಳಿಲ್ಲ.

ಇಷ್ಟು ಚಿಕ್ಕ ಕೆರೆಗೆ ಕಯಾಕ್ ಬೇಕಾ? ದಡದಿಂದಲೇ ಗಾಳ ಹಾಕಬಹುದಲ್ಲ?

ಹಾಕಬಹುದು. ಆದರೆ ಇಂಥ ಕೆರೆಯಲ್ಲಿ ಮೀನು ಹೆಚ್ಚಾಗಿ ಓಡಾಡುವುದು ಜೊಂಡಿನ ಹೊರ ಅಂಚಿನಲ್ಲಿ, ಅಂದರೆ ನೀರಿನ ಕಡೆಯ ಅಂಚಿನಲ್ಲಿ. ದಡದಲ್ಲಿ ನಿಂತವರಿಗೆ ಆ ಜೊಂಡೇ ಅಡ್ಡ. ಎಸೆದದ್ದು ಅಲ್ಲಿಗೆ ತಲುಪಿದರೂ ಕಚ್ಚಿದ ಮೀನನ್ನು ಜೊಂಡು ದಾಟಿಸಿ ತರಲಾಗುವುದಿಲ್ಲ. ಕಯಾಕ್ ತೇಲಲು 10ರಿಂದ 15 ಸೆಂ.ಮೀ. ನೀರಿದ್ದರೆ ಸಾಕು, ಹಾಗಾಗಿ ಆಚೆ ಕಡೆಯಿಂದ ಬಂದು ಅಂಚಿನ ಉದ್ದಕ್ಕೂ ಎಸೆಯಬಹುದು.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಆಳದ ನೀರಿನಲ್ಲಿ ಹೆದರಿದ ಮೀನು ಕೆಳಕ್ಕೆ ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬರುತ್ತದೆ. ಒಂದು ಮೀಟರ್ ನೀರಿನಲ್ಲಿ ಇಳಿಯಲು ಜಾಗವಿಲ್ಲ, ಪಕ್ಕಕ್ಕೆ ಓಡಬೇಕು, ಓಡುವಾಗ ಹತ್ತಿರದ ಮೀನುಗಳನ್ನೂ ಓಡಿಸುತ್ತದೆ. ಒಮ್ಮೆ ಖಾಲಿಯಾದ ಜಾಗ ಗಂಟೆಗಟ್ಟಲೆ ಖಾಲಿಯೇ ಇರಬಹುದು. ಅದಕ್ಕೇ ಇಲ್ಲಿ ದುಬಾರಿ ಸಾಮಾನಿಗಿಂತ ಎರಡು ಅಭ್ಯಾಸ ಮುಖ್ಯ: ಸದ್ದು ಮಾಡದಿರುವುದು, ಗಾಳಿ ನೋಡಿಕೊಂಡು ಜಾಗ ಹಿಡಿಯುವುದು. ಕೆಳಗಿನ ಉತ್ತರಗಳಲ್ಲಿ ಈ ಎರಡು ಮಾತು ಮತ್ತೆ ಮತ್ತೆ ಬರುತ್ತವೆ.

ಅನುಮತಿ ಬೇಕಾ?

ಕೆರೆ ಸಾರ್ವಜನಿಕ ಎಂದ ಮಾತ್ರಕ್ಕೆ ಮೀನು ಹಿಡಿಯುವ ಹಕ್ಕೂ ದೋಣಿ ಇಳಿಸುವ ಹಕ್ಕೂ ತಾನಾಗಿ ಬರುವುದಿಲ್ಲ. ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ: ಇಲ್ಲಿ ಗಾಳ ಹಾಕಲು ಪರವಾನಗಿ ಬೇಕೆ, ಮೀನಿನ ಹಕ್ಕನ್ನು ಯಾರಿಗಾದರೂ ಗುತ್ತಿಗೆ ಕೊಟ್ಟಿದ್ದಾರೆಯೇ, ಮೋಟಾರಿಲ್ಲದ ದೋಣಿ ಇಳಿಸಬಹುದೇ. ಕುಡಿಯುವ ನೀರಿನ ಕೆರೆಗಳಲ್ಲಿ ದೋಣಿಗೆ ನಿಷೇಧ ಇರುವುದು ಹೆಚ್ಚು. ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಜೊಂಡಿನ ಒಂದು ಭಾಗವನ್ನು ಮುಚ್ಚಿರುತ್ತಾರೆ. ಫಲಕದಲ್ಲಿ ಬರೆಯದಿದ್ದರೂ ಆ ಕಾಲದಲ್ಲಿ ಜೊಂಡಿನೊಳಗೆ ನುಗ್ಗಬೇಡಿ.

ಯಾವ ಬಗೆಯ ಕಯಾಕ್ ತೆಗೆದುಕೊಳ್ಳಬೇಕು?

ಮೇಲೆ ಕೂರುವ ಬಗೆಯದು, ಅಂದರೆ ಸಿಟ್ ಆನ್ ಟಾಪ್. ಉದ್ದ 3ರಿಂದ 3.5 ಮೀಟರ್, ಅಗಲ 75ರಿಂದ 85 ಸೆಂ.ಮೀ. ಇದಕ್ಕಿಂತ ಉದ್ದದ್ದು ನೇರವಾಗಿ ಚೆನ್ನಾಗಿ ಸಾಗುತ್ತದೆ, ಆದರೆ ಜೊಂಡಿನ ಸಂದಿಯಲ್ಲಿ ತಿರುಗಿಸುವುದು ಕಷ್ಟ. ಒಳಗೆ ಕೂರುವ ಬಗೆ ಮಗುಚಿದರೆ ಒಳಗೆಲ್ಲ ನೀರು ತುಂಬುತ್ತದೆ. ಅದನ್ನು ನೀರಿನಲ್ಲಿದ್ದುಕೊಂಡೇ ಒಬ್ಬರೇ ಖಾಲಿ ಮಾಡುವುದು ಅಭ್ಯಾಸವಿಲ್ಲದವರಿಗೆ ಆಗದ ಕೆಲಸ. ಮೇಲೆ ಕೂರುವುದರಲ್ಲಿ ನೀರು ತಳದ ತೂತುಗಳಿಂದ ತಾನೇ ಇಳಿದು ಹೋಗುತ್ತದೆ.

ತೂಕದ ಲೆಕ್ಕ ಹೀಗೆ. ತಯಾರಕರು ಬರೆದ ಗರಿಷ್ಠ ಭಾರದ ಮೂರರಲ್ಲಿ ಎರಡು ಭಾಗ ಮಾತ್ರ ನಿಮ್ಮದು ಎಂದುಕೊಳ್ಳಿ. ನೀವು 75 ಕೆ.ಜಿ., ಸಾಮಾನು 20 ಕೆ.ಜಿ. ಇದ್ದರೆ ಒಟ್ಟು 95; ಅಂದರೆ 145ರಿಂದ 150 ಕೆ.ಜಿ. ಹೊರುವ ಕಯಾಕ್ ಬೇಕು. ಪೂರ್ತಿ ಭಾರ ಹಾಕಿದರೆ ಅದು ಮುಳುಗುವುದಿಲ್ಲ, ಆದರೆ ತಳದ ತೂತುಗಳಿಂದ ನೀರು ಮೇಲೆ ಉಕ್ಕಿ ಸೀಟು ಒದ್ದೆಯಾಗುತ್ತದೆ, ಸಣ್ಣ ಅಲೆಗೂ ಓಲಾಡುತ್ತದೆ.

ಗಾಳಿ ತುಂಬುವ ಕಯಾಕ್ ಸದ್ದಿಲ್ಲದ್ದು, ಸಾಗಿಸಲು ಸುಲಭ. ಆದರೆ ತೂಕ ಕಡಿಮೆ ಇರುವುದರಿಂದ ಗಾಳಿಗೆ ಎಲೆ ಹೋದಂತೆ ಹೋಗುತ್ತದೆ. ಮುಳುಗಿದ ಮುಳ್ಳುಕೊಂಬೆ, ಒಡೆದ ಗಾಜು ಇರುವ ಕೆರೆಗೆ ಅದು ಬೇಡ.

ಪೆಡಲ್ ತುಳಿಯುವ ಕಯಾಕ್ ಆದರೆ ಕೈ ಖಾಲಿ ಇರುತ್ತದಲ್ಲ?

ಇರುತ್ತದೆ. ಆದರೆ ಪ್ರೊಪೆಲ್ಲರ್ ಅಥವಾ ರೆಕ್ಕೆ ತಳದಿಂದ ಸುಮಾರು ಅರ್ಧ ಮೀಟರ್ ಕೆಳಗಿಳಿದಿರುತ್ತದೆ. ಜಲಕಳೆ ಇರುವ ಕೆರೆಯಲ್ಲಿ ಅದಕ್ಕೆ ಸುತ್ತಿಕೊಂಡ ಬಳ್ಳಿ ಬಿಡಿಸುವುದರಲ್ಲೇ ಬೆಳಗು ಕಳೆಯುತ್ತದೆ. ಆಳ ಒಂದು ಮೀಟರಿಗಿಂತ ಕಡಿಮೆ ಇರುವ ಕೆರೆಗೆ ಸಾದಾ ಪ್ಯಾಡಲ್ ಕಯಾಕೇ, ಅಂದರೆ ಕೈಯಿಂದ ಹುಟ್ಟು ಹಾಕುವುದೇ ವಾಸಿ.

ಪ್ಯಾಡಲ್ ಎಷ್ಟು ಉದ್ದ ಇರಬೇಕು?

80 ಸೆಂ.ಮೀ. ಅಗಲದ ಕಯಾಕ್‌ಗೆ 240 ಸೆಂ.ಮೀ. ಸರಿಹೋಗುತ್ತದೆ. ಸೀಟು ಎತ್ತರದಲ್ಲಿದ್ದರೆ 250. ಗಿಡ್ಡವಾದರೆ ಪ್ರತಿ ಸಲವೂ ಹಿಡಿ ಕಯಾಕ್‌ನ ಅಂಚಿಗೆ ಟಕ್ ಎಂದು ಬಡಿಯುತ್ತದೆ. ಕೈಗೆ ನೋವು, ಮೀನಿಗೆ ಎಚ್ಚರಿಕೆ. ಪ್ಯಾಡಲ್‌ನ ಒಂದು ತುದಿಯಿಂದ 25 ಸೆಂ.ಮೀ.ಗೊಂದರಂತೆ ಬಣ್ಣದ ಟೇಪು ಸುತ್ತಿ. ಆಳ ನೋಡಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ, ತಳ ಗಟ್ಟಿಯೋ ಕೆಸರೋ ಎನ್ನುವುದೂ ಕೈಗೇ ಗೊತ್ತಾಗುತ್ತದೆ. ಜೊತೆಗೆ ಒಂದು ಮೊಳದುದ್ದದ ಕೈಪ್ಯಾಡಲ್ ಇಟ್ಟುಕೊಂಡರೆ ಒಂದು ಕೈಯಲ್ಲಿ ಗಾಳದ ರಾಡ್ ಹಿಡಿದೇ ಕಯಾಕ್‌ನ ಮೂತಿ ತಿರುಗಿಸಬಹುದು.

ನೀರು ಎದೆಮಟ್ಟ ಮಾತ್ರ. ಲೈಫ್ ಜಾಕೆಟ್ ಬೇಕೇ ಬೇಕಾ?

ಬೇಕೇ ಬೇಕು, ಹಾಕಿಕೊಂಡೇ ಇರಬೇಕು. ಸೀಟಿನ ಹಿಂದೆ ಕಟ್ಟಿಟ್ಟ ಜಾಕೆಟ್ಟಿನಿಂದ ಪ್ರಯೋಜನವಿಲ್ಲ.

ಆಳವಿಲ್ಲದ ಕೆರೆಯ ಅಪಾಯ ನೀರಿಗಿಂತ ಕೆಸರಿನದು. ಕೆಳಗೆ ಬಿದ್ದವರು ಸಹಜವಾಗಿ ಕಾಲೂರಿ ನಿಲ್ಲಲು ನೋಡುತ್ತಾರೆ. ಮೆದು ಹೂಳಿನಲ್ಲಿ ಕಾಲು ಮೊಣಕಾಲಿನವರೆಗೆ ಹೂತು ಹೋಗುತ್ತದೆ. ಒಂದು ಕಾಲು ಕೀಳಲು ಇನ್ನೊಂದರ ಮೇಲೆ ಭಾರ ಹಾಕಿದರೆ ಅದು ಇನ್ನೂ ಆಳಕ್ಕೆ ಇಳಿಯುತ್ತದೆ. ಎದೆಮಟ್ಟದ ನೀರು ಆಗ ಕುತ್ತಿಗೆ ಮಟ್ಟವಾಗುತ್ತದೆ. ಜಾಕೆಟ್ ಇದ್ದರೆ ಹಿಂದಕ್ಕೆ ಒರಗಿ, ದೇಹವನ್ನು ಮಲಗಿಸಿ, ಕಾಲನ್ನು ಮೆಲ್ಲಗೆ ಆಚೀಚೆ ಅಲುಗಿಸುತ್ತ ಬಿಡಿಸಿಕೊಳ್ಳಬಹುದು. ಇಲ್ಲದಿದ್ದರೆ ಹಾಗೆ ಒರಗುವ ಧೈರ್ಯವೇ ಬರುವುದಿಲ್ಲ.

ಎರಡನೆಯದು ತಣ್ಣೀರು. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ನೀರಿಗೆ ಫಕ್ಕನೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ. ಆ ನಿಮಿಷ ಬಾಯಿ ನೀರಿನ ಮೇಲಿರಬೇಕು. ಜಾಕೆಟ್ ಮಾಡುವ ಕೆಲಸ ಅದೇ.

ಅಳತೆ ನೋಡುವುದು ಹೀಗೆ: ಎಲ್ಲ ಪಟ್ಟಿ ಬಿಗಿದ ಮೇಲೆ ಬೇರೆಯವರು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲ ದಾಟಿ ಮೇಲೆ ಬಂದರೆ ಅದು ಸಡಿಲ. ಬೆನ್ನಿನ ಕೆಳಭಾಗದಲ್ಲಿ ದಪ್ಪ ಫೋಮ್ ಇಲ್ಲದ್ದನ್ನು ಆರಿಸಿ, ಇಲ್ಲದಿದ್ದರೆ ಸೀಟಿನ ಬೆನ್ನು ಅದನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ.

ಮಗುಚಿದರೆ ಏನು ಮಾಡಬೇಕು?

ಮೊದಲು ಕಯಾಕ್ ಹಿಡಿಯಿರಿ, ಆಮೇಲೆ ಪ್ಯಾಡಲ್, ಉಳಿದದ್ದೆಲ್ಲ ನಂತರ. ಖಾಲಿ ಕಯಾಕನ್ನು ಗಾಳಿ ನೀವು ಈಜುವುದಕ್ಕಿಂತ ಬೇಗ ಒಯ್ಯುತ್ತದೆ. ಬೋರಲಾಗಿದ್ದರೆ ನಡುವಿಗೆ ಬನ್ನಿ, ತಳದ ಮೇಲಿಂದ ಕೈ ಚಾಚಿ ಆಚೆ ಅಂಚನ್ನೋ ತೂತನ್ನೋ ಹಿಡಿದು, ಹತ್ತಿರದ ಅಂಚಿಗೆ ಮೊಣಕಾಲು ಕೊಟ್ಟು ಹಿಂದಕ್ಕೆ ವಾಲಿ. ಅದು ತಿರುಗಿ ನೇರವಾಗುತ್ತದೆ.

ಹತ್ತುವಾಗ ಕಯಾಕ್ ಪಕ್ಕದಲ್ಲಿ ನೇತಾಡಬೇಡಿ. ಕಾಲು ಕಯಾಕ್ ಕೆಳಗೆ ಸೇರಿದರೆ ಅದು ಮತ್ತೆ ನಿಮ್ಮ ಮೇಲೆಯೇ ಮಗುಚುತ್ತದೆ. ಕಾಲು ಬಡಿದು ದೇಹವನ್ನು ನೀರಿನ ಮಟ್ಟಕ್ಕೆ ತನ್ನಿ, ಹೊಟ್ಟೆಯನ್ನು ಸೀಟಿನ ಮೇಲೆ ಅಡ್ಡಕ್ಕೆ ಎಳೆದುಕೊಳ್ಳಿ, ಹೊರಳಿ ಕುಳಿತುಕೊಳ್ಳಿ, ಕೊನೆಗೆ ಕಾಲು ಒಳಗೆ. ಗಾಳ ಹಾಕುವ ಮೊದಲು ಒಂದು ದಿನ ರಾಡ್ ಇಲ್ಲದೆ ಹೋಗಿ, ಗಟ್ಟಿ ತಳವಿರುವ ಕಡೆ, ಜೊತೆಗೊಬ್ಬರಿರುವಾಗ ಇದನ್ನು ಸುಸ್ತಾಗುವವರೆಗೂ ಅಭ್ಯಾಸ ಮಾಡಿ. ಸುಸ್ತಾದ ಮೇಲೂ ಹತ್ತಲು ಬರುತ್ತದೆಯೇ ಎನ್ನುವುದೇ ನಿಜವಾದ ಪರೀಕ್ಷೆ.

ಏನೇನು ಒಯ್ಯಬೇಕು, ಎಲ್ಲಿಡಬೇಕು?

ಹೊಸಬರು ಒಯ್ಯುವುದರಲ್ಲಿ ಅರ್ಧ ಬೇಡ. ಎರಡು ರಾಡ್, ಒಂದು ಚಿಕ್ಕ ಡಬ್ಬಿ, ಕೈಬಲೆ, ಕುಡಿಯುವ ನೀರು, ಒದ್ದೆಯಾಗದ ಚೀಲದಲ್ಲಿ ಫೋನ್ ಮತ್ತು ಒಂದು ಜೊತೆ ಒಣ ಬಟ್ಟೆ, ನೀರು ಹೀರಲು ಸ್ಪಂಜು. ಸೀಟಿ, ಚಿಕ್ಕ ಚಾಕು, ತಂತಿ ಕತ್ತರಿಸುವ ಇಕ್ಕಳ, ಈ ಮೂರು ಜಾಕೆಟ್ಟಿನ ಜೇಬಿನಲ್ಲೇ ಇರಬೇಕು, ಪೆಟ್ಟಿಗೆಯಲ್ಲಲ್ಲ; ಬೇಕಾಗುವ ಹೊತ್ತಿಗೆ ಪೆಟ್ಟಿಗೆ ನಿಮ್ಮ ಹತ್ತಿರ ಇರದೇ ಹೋಗಬಹುದು. ಕತ್ತಲಿಗೆ ಮುಂಚೆ ಹೊರಡುವವರು ಸುತ್ತಲೂ ಕಾಣುವ ಬಿಳಿ ದೀಪ ಒಯ್ಯಿರಿ.

ಭಾರವಾದದ್ದು ಸೀಟಿಗೆ ಹತ್ತಿರ, ತಳಕ್ಕೆ ಹತ್ತಿರ. ಎಲ್ಲವನ್ನೂ ಹಿಂದೆ ತುಂಬಿದರೆ ಮೂತಿ ಮೇಲೆದ್ದು ಗಾಳಿಗೆ ಸಿಕ್ಕು ಪಕ್ಕಕ್ಕೆ ತಿರುಗುತ್ತಲೇ ಇರುತ್ತದೆ. ಲೋಹದ ಸಾಮಾನಿಗೆಲ್ಲ ಒಂದೊಂದು ದಾರ ಕಟ್ಟಿ, ಆದರೆ ಕಾಲಿಗೆ ಸಿಕ್ಕುವಷ್ಟು ಉದ್ದ ಬೇಡ.

ಎಷ್ಟು ಗಾಳಿ ಇದ್ದರೆ ಹೋಗಬಾರದು?

ಗಂಟೆಗೆ 12 ಕಿ.ಮೀ.ವರೆಗೆ ಆರಾಮ. 12ರಿಂದ 19ರ ನಡುವೆ ಎಲೆ, ಸಣ್ಣ ಕಡ್ಡಿಗಳು ಬಿಡದೆ ಅಲುಗುತ್ತವೆ, ನೀರಿನ ಮೇಲೆ ಅಲ್ಲಲ್ಲಿ ನೊರೆ ಕಾಣತೊಡಗುತ್ತದೆ. ಅನುಭವ ಇದ್ದವರು ದಡದ ಮರೆಯಲ್ಲಿ ಹಿಡಿಯಬಹುದು. 20 ದಾಟಿ ಧೂಳೆದ್ದು ಸಣ್ಣ ಕೊಂಬೆಗಳು ತೂಗಾಡತೊಡಗಿದರೆ ಇಳಿಯಬೇಡಿ. ಆಳವಿಲ್ಲದ ನೀರಿನ ಅಲೆ ಎತ್ತರವಿರದಿದ್ದರೂ ಒತ್ತೊತ್ತಾಗಿ, ಕಡಿದಾಗಿ ಬರುತ್ತದೆ. ಒಂದನ್ನು ದಾಟುವಷ್ಟರಲ್ಲಿ ಇನ್ನೊಂದು ಬಡಿಯುತ್ತದೆ.

ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ. ಕಷ್ಟದ ಅರ್ಧ ಮೈಯಲ್ಲಿ ಶಕ್ತಿ ಇರುವಾಗಲೇ ಮುಗಿಯುತ್ತದೆ, ಮರಳುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ, ದಾರಿಯುದ್ದಕ್ಕೂ ಪ್ಯಾಡಲ್ ಮುಟ್ಟದೆ ಗಾಳ ಎಸೆಯುತ್ತ ಬರಬಹುದು.

ಲಂಗರು ಯಾವುದು, ಹೇಗೆ ಹಾಕುವುದು?

ಮೆದು ಕೆಸರಿಗೆ ಲಂಗರಿಗಿಂತ ಊರುಗೋಲು ಒಳ್ಳೆಯದು: 2ರಿಂದ 2.5 ಮೀಟರಿನ ಫೈಬರ್ ಗ್ಲಾಸ್ ಗಳ. ಸದ್ದಿಲ್ಲದೆ ಒತ್ತಿ ಅರ್ಧ ಮೀಟರ್ ಇಳಿಸಿ, ಅದಕ್ಕೆ ಕಯಾಕ್‌ನಿಂದ ಗೇಣುದ್ದದ ಹಗ್ಗ ಕಟ್ಟಿದರೆ ಮುಗಿಯಿತು. ಕೆಲವರು ಗಳವನ್ನು ಕಯಾಕ್‌ನ ತಳದ ತೂತಿನ ಮೂಲಕವೇ ಊರುತ್ತಾರೆ. ಗಾಳಿ ದಿಕ್ಕು ಬದಲಿಸಿದಾಗ ಕಯಾಕ್‌ನ ಪೂರ್ತಿ ಎಳೆತ ಆ ತೂತಿನ ಅಂಚಿನ ಮೇಲೆ ಬಿದ್ದು ಪ್ಲಾಸ್ಟಿಕ್ ಸೀಳುತ್ತದೆ. ಹಾಗೆ ಮಾಡಬೇಡಿ.

ಆಳ ಗಳಕ್ಕೆ ಮೀರಿದ್ದರೆ ಅಥವಾ ತಳ ಗಟ್ಟಿ ಇದ್ದರೆ 1.5 ಕೆ.ಜಿ.ಯ ಮಡಚುವ ಲಂಗರು, 10 ಮೀಟರ್ ಹಗ್ಗ. ಬಿಡಬೇಕಾದ ಹಗ್ಗ ಆಳದ ಮೂರು ಪಟ್ಟು, ಗಾಳಿ ಇದ್ದರೆ ಐದು ಪಟ್ಟು. ಒಂದೂವರೆ ಮೀಟರ್ ಆಳಕ್ಕೆ ನಾಲ್ಕೂವರೆಯಿಂದ ಏಳೂವರೆ ಮೀಟರ್. ಹಗ್ಗ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ. ಹಾಕುವಾಗ ಎಸೆಯಬೇಡಿ, ಕೈಯಿಂದ ಇಳಿಸಿ.

ಹಗ್ಗವನ್ನು ಯಾವತ್ತೂ ಕಯಾಕ್‌ನ ನಡುಭಾಗದ ಪಕ್ಕಕ್ಕೆ ಕಟ್ಟಬಾರದು. ಗಾಳಿ ಕಯಾಕನ್ನು ಅಡ್ಡ ನಿಲ್ಲಿಸುತ್ತದೆ, ಹಗ್ಗ ಒಂದು ಅಂಚನ್ನು ಕೆಳಕ್ಕೆ ಎಳೆಯುತ್ತದೆ, ಅದೇ ಅಂಚಿಗೆ ಅಲೆ ಬಡಿಯುತ್ತದೆ. ಕಟ್ಟಬೇಕಾದದ್ದು ಮೂತಿಗೆ ಅಥವಾ ಹಿಂತುದಿಗೆ. ಕೂತಲ್ಲಿಂದ ಅಲ್ಲಿಗೆ ಕೈ ಎಟುಕದ ಕಾರಣ ಕಯಾಕ್‌ನ ಉದ್ದಕ್ಕೂ ಎರಡು ರಾಟೆಗಳ ಮೇಲೆ ಒಂದು ಹಗ್ಗದ ಸುತ್ತು, ಅದರಲ್ಲೊಂದು ಬಳೆ ಕೂರಿಸುತ್ತಾರೆ. ಲಂಗರಿನ ಹಗ್ಗವನ್ನು ಬಳೆಯೊಳಗೆ ತೂರಿಸಿ, ಬಳೆಯನ್ನು ತುದಿಗೆ ಎಳೆದರೆ ಸರಿ. ಹಗುರ ಗಾಳಿಯಲ್ಲಿ ಹಿಂತುದಿಗೆ ಎಳೆದುಕೊಂಡರೆ ಗಾಳಿ ಬೆನ್ನಿಗೆ ಬರುತ್ತದೆ, ಎಸೆಯಲು ಸುಲಭ. ಗಾಳಿ ಜೋರಾದರೆ ಮೂತಿಗೆ ಬದಲಿಸಿ.

ಹಗ್ಗದ ಈಚೆ ತುದಿಗೆ ಚಿಕ್ಕ ಬೆಂಡು ಕಟ್ಟಿಡಿ. ದೊಡ್ಡ ಮೀನು ಕಚ್ಚಿದಾಗ ಲಂಗರು ಎತ್ತುತ್ತ ಕೂರದೆ ಹಗ್ಗವನ್ನು ಬೆಂಡಿನ ಸಮೇತ ನೀರಿಗೆ ಬಿಟ್ಟು ಹೋಗಿ, ಆಮೇಲೆ ಬಂದು ಎತ್ತಿಕೊಳ್ಳಬಹುದು.

ಇಡೀ ಕೆರೆ ಒಂದೇ ಥರ ಕಾಣುತ್ತದೆ. ಮೀನು ಎಲ್ಲಿ ಹುಡುಕುವುದು?

ಕಾಣುವುದು ಹಾಗೆ, ಇರುವುದು ಹಾಗಲ್ಲ. ಎಲ್ಲೆಡೆ ಒಂದು ಮೀಟರ್ ಆಳವಿರುವ ಕೆರೆಯಲ್ಲಿ ಒಂದಡಿ ಹೆಚ್ಚು ಆಳದ ಗುಂಡಿಯೇ ದೊಡ್ಡ ವ್ಯತ್ಯಾಸ. ಹಳೆಯ ಹಳ್ಳದ ಗೆರೆ, ತೂಬಿನ ಮುಂದಿನ ತಗ್ಗು, ಏರಿಗೆ ಮಣ್ಣು ತೆಗೆದ ಹೊಂಡ ಇಂಥವು. ಟೇಪು ಸುತ್ತಿದ ಪ್ಯಾಡಲ್ ಹಿಡಿದು ಒಂದು ಬೆಳಿಗ್ಗೆ ಪೂರ್ತಿ ಕೆರೆ ಅಳೆದು ನಕ್ಷೆ ಬರೆದುಕೊಂಡರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಅದು ಬಿಟ್ಟರೆ ಜೊಂಡು ನೀರಿನೊಳಕ್ಕೆ ಚಾಚಿದ ಮೂಲೆಗಳು, ತಾವರೆ ಎಲೆಗಳ ನಡುವಿನ ತೆರಪು, ಬಾಗಿದ ಮರದ ನೆರಳು, ನೀರು ಬಂದು ಸೇರುವ ಬಾಯಿ. ಒಂದೆರಡು ದಿನ ಒಂದೇ ದಿಕ್ಕಿನಿಂದ ಗಾಳಿ ಬೀಸಿದ್ದರೆ ಗಾಳಿ ಹೋಗಿ ಬಡಿಯುವ ದಡಕ್ಕೆ ತೇಲುವ ತಿನಿಸೆಲ್ಲ ಸೇರಿರುತ್ತದೆ, ನೀರು ಕದಡಿ ಮೀನಿಗೆ ಮರೆಯೂ ಸಿಗುತ್ತದೆ. ಕೂರಲು ಕಷ್ಟವಾದರೂ ಆ ದಡವೇ ಮೊದಲು ನೋಡಬೇಕಾದದ್ದು. ಚಳಿಯ ದಿನಗಳಲ್ಲಿ ಇದು ತಿರುವುಮುರುವು: ಗಾಳಿ ಇಲ್ಲದ, ಬಿಸಿಲಿಗೆ ಮುಖ ಮಾಡಿದ, ಕಪ್ಪು ಕೆಸರಿನ ಮೂಲೆ ಮಧ್ಯಾಹ್ನದ ಹೊತ್ತಿಗೆ ಉಳಿದ ಕೆರೆಗಿಂತ ಬೆಚ್ಚಗಾಗುತ್ತದೆ.

ಗುಳ್ಳೆಗಳನ್ನು ಓದಲು ಕಲಿಯಿರಿ. ಗೆಂಡೆ ಮೀನು ಕೆಸರು ಕೆದಕಿ ತಿನ್ನುವಾಗ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳು ಗುಂಪಾಗಿ ಬರುತ್ತವೆ. ಸ್ವಲ್ಪ ಹೊತ್ತಿಗೆ ಒಂದು ಮೊಳ ಮುಂದೆ ಇನ್ನೊಂದು ಗುಂಪು, ಮತ್ತೆ ಅದರ ಮುಂದೆ ಇನ್ನೊಂದು. ಕೊಳೆತ ಎಲೆಯ ಅನಿಲವಾದರೆ ಗುಳ್ಳೆ ದೊಡ್ಡದು, ಒಂದೆರಡೇ, ಒಂದೇ ಜಾಗದಿಂದ ಬಿಟ್ಟು ಬಿಟ್ಟು ಏಳುತ್ತದೆ. ಸಾಗುವ ಗುಳ್ಳೆಯ ಮುಂದೆ ಎರಡು ಮೀಟರ್ ದೂರಕ್ಕೆ ಎಸೆಯಿರಿ, ಗುಳ್ಳೆಯ ಮೇಲೆಯೇ ಅಲ್ಲ.

ಯಾವ ಹೊತ್ತು ಒಳ್ಳೆಯದು?

ಸಾಧಾರಣವಾಗಿ ಬೆಳಿಗ್ಗೆ, ಸಂಜೆ. ಆದರೆ ಕಳೆ ತುಂಬಿದ ಕೆರೆಯಲ್ಲಿ, ಬೇಸಿಗೆಯಲ್ಲಿ, ನಸುಕು ಅಷ್ಟು ಒಳ್ಳೆಯದಲ್ಲ. ಹಗಲು ಜಲಸಸ್ಯಗಳು ಆಮ್ಲಜನಕ ಬಿಡುತ್ತವೆ, ರಾತ್ರಿಯೆಲ್ಲ ಅವೂ ಅದನ್ನೇ ಬಳಸುತ್ತವೆ. ಸೂರ್ಯೋದಯದ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ದಿನದಲ್ಲೇ ಅತಿ ಕಡಿಮೆ. ಬೆಚ್ಚಗಿನ ನೀರು ಹಿಡಿದಿಡುವುದೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಮೋಡ ಕವಿದು ಗಾಳಿಯೂ ನಿಂತ ದಿನಗಳ ನಂತರ ಮೀನುಗಳು ಮೇಲ್ಮೈಗೆ ಬಾಯಿ ತೆರೆದು ಗುಟುಕರಿಸುವುದು ಕಂಡರೆ ಅವು ಹಸಿದಿಲ್ಲ, ಉಸಿರು ಕಟ್ಟಿದೆ. ಆಗ ಗಾಳ ಹಾಕಬೇಡಿ. ಕಚ್ಚುವುದೂ ಇಲ್ಲ, ಕಚ್ಚಿದರೂ ಬಿಟ್ಟ ಮೇಲೆ ಬದುಕುವುದು ಕಷ್ಟ. ಬಿಸಿಲೇರಿ ಎರಡು ಗಂಟೆ ಕಳೆದ ಮೇಲೆ, ಅಥವಾ ನೀರು ಸೇರುವ ಬಾಯಿಯ ಹತ್ತಿರ ನೋಡಿ.

ಫಿಶ್ ಫೈಂಡರ್ ಬೇಕಾ?

ಮೀನು ಕಾಣಲು ಬೇಡ. ಅದರ 20 ಡಿಗ್ರಿ ಕೋನದ ಸೋನಾರ್ (ಶಬ್ದದ ಅಲೆ ಕಳಿಸಿ ನೀರಿನೊಳಗೆ ನೋಡುವ ಸಾಧನ) ಒಂದೂವರೆ ಮೀಟರ್ ಆಳದಲ್ಲಿ ನೋಡುವುದು ಕಯಾಕ್‌ನ ಕೆಳಗಿನ ಅರ್ಧ ಮೀಟರ್ ಅಗಲದ ವೃತ್ತವನ್ನು ಮಾತ್ರ, ಆ ವೃತ್ತದಲ್ಲಿದ್ದ ಮೀನು ನೀವು ಬರುವ ಮುಂಚೆಯೇ ಹೋಗಿರುತ್ತದೆ. ನೀರಿನ ಉಷ್ಣತೆ ತಿಳಿಯಲು, ಆಳದ ನಕ್ಷೆ ಬರೆಯಲು ಉಪಯೋಗವಿದೆ. ಅದೇ ಹಣಕ್ಕೆ ನೀರಿನ ಮೇಲಿನ ಹೊಳಪು ತಡೆಯುವ ಒಳ್ಳೆಯ ಪೋಲರಾಯ್ಡ್ ಕನ್ನಡಕ ಕೊಂಡರೆ ಲಾಭ ಹೆಚ್ಚು. ಕದಡಿದ ನೀರಿಗೆ ಕಂದು ಅಥವಾ ತಾಮ್ರ ಬಣ್ಣದ ಗಾಜು ಸರಿ.

ರಾಡ್, ರೀಲ್, ಲೈನ್ ಹೇಗಿರಬೇಕು?

2.1 ಮೀಟರಿನ, ಅಂದರೆ ಏಳಡಿಯ ಮಧ್ಯಮ ರಾಡ್. ಇದಕ್ಕಿಂತ ಗಿಡ್ಡವಾದರೆ ಮೀನು ಕಯಾಕ್ ಕೆಳಗೆ ನುಗ್ಗಿದಾಗ ರಾಡಿನ ತುದಿಯನ್ನು ಮೂತಿ ಸುತ್ತಿಸಿ ಆಚೆ ಒಯ್ಯಲು ಆಗುವುದಿಲ್ಲ. ಹಿಡಿ ಮಾತ್ರ ಚಿಕ್ಕದಿರಲಿ, ಉದ್ದ ಹಿಡಿ ಜಾಕೆಟ್ಟಿಗೂ ಸೀಟಿಗೂ ಸಿಕ್ಕುತ್ತದೆ. 2500 ಅಳತೆಯ ಸ್ಪಿನ್ನಿಂಗ್ ರೀಲ್, 7ರಿಂದ 9 ಕೆ.ಜಿ. ತಾಳುವ ಹೆಣೆದ ಲೈನ್ (ಗಾಳದ ದಾರ), ಅದರ ತುದಿಗೆ ಒಂದು ಮೀಟರ್ ಫ್ಲೋರೋಕಾರ್ಬನ್ ಲೀಡರ್, ಅಂದರೆ ಲೈನಿಗೂ ಕೊಕ್ಕೆಗೂ ನಡುವಿನ ತುಂಡು ದಾರ. ಕಳೆಯ ನಡುವಿನಿಂದ ಸ್ನೇಕ್‌ಹೆಡ್ ಅಥವಾ ಬಾಸ್ ಮೀನು ಎಳೆಯುವವರಿಗೆ ಇದು ಸಾಲದು; ಗಟ್ಟಿ ರಾಡ್, 18ರಿಂದ 23 ಕೆ.ಜಿ.ಯ ಲೈನ್, ಲೀಡರ್ ಇಲ್ಲದೆ ನೇರ ಕಟ್ಟುವುದು ವಾಸಿ.

ರೀಲಿನ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ಬಿಗಿತ) ಇಡುವುದು ಲೈನಿನ ತಾಕತ್ತು ನೋಡಿ ಅಲ್ಲ, ಲೈನ್ ಮತ್ತು ಲೀಡರ್ ಎರಡರಲ್ಲಿ ದುರ್ಬಲವಾದದ್ದನ್ನು ನೋಡಿ. ಲೀಡರ್ 5 ಕೆ.ಜಿ.ಯದಾದರೆ ಅದರ ಕಾಲು ಭಾಗ, ಸುಮಾರು 1.25 ಕೆ.ಜಿ. ಎಳೆತಕ್ಕೆ ಲೈನ್ ಬಿಟ್ಟುಕೊಡಬೇಕು. ತೂಗುವ ಕೊಕ್ಕೆತಕ್ಕಡಿಗೆ ಕಟ್ಟಿ ಎಳೆದು ನೋಡಿದರೆ ಗೊತ್ತಾಗುತ್ತದೆ. ಕಯಾಕ್ ತಾನೇ ಮೀನಿನ ಹಿಂದೆ ಸಾಗುವುದರಿಂದ ಸ್ವಲ್ಪ ಸಡಿಲವಿದ್ದರೂ ನಷ್ಟವಿಲ್ಲ.

ಎರೆ ಯಾವುದು ಹಾಕಬೇಕು?

ಗೆಂಡೆಗೆ ಬೇಯಿಸಿದ ಮೆಕ್ಕೆಜೋಳದ ಕಾಳು, ಹಿಟ್ಟಿನ ಉಂಡೆ, 6ನೇ ನಂಬರಿನ ಕೊಕ್ಕೆ. ತಿಲಾಪಿಯಾಕ್ಕೆ ಎರೆಹುಳುವಿನ ಚೂರು, 10 ಅಥವಾ 12ನೇ ನಂಬರು. ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು ಎನ್ನುವುದು ನೆನಪಿರಲಿ. ಹೂಳಿನ ತಳದಲ್ಲಿ ಭಾರದ ಗುಂಡು ಕಟ್ಟಿದರೆ ಅದು ಎರೆಯನ್ನೂ ಎಳೆದುಕೊಂಡು ಕೆಸರಿನಲ್ಲಿ ಹೂತುಹೋಗುತ್ತದೆ, ಮೀನಿಗೆ ಕಾಣುವುದೇ ಇಲ್ಲ. ಬೆಂಡು ಕಟ್ಟಿ ಎರೆ ತಳವನ್ನು ಸೋಕುವಂತೆ ಬಿಡಿ. ಆಳ ಹೊಂದಿಸಲು ಕೊಕ್ಕೆಗೆ ಒಂದು ಭಾರ ಸಿಕ್ಕಿಸಿ ಇಳಿಸಿ: ಬೆಂಡು ಮುಳುಗಿದರೆ ಅದನ್ನು ಲೈನಿನ ಮೇಲೆ ಇನ್ನೂ ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ. ತುದಿ ಮಾತ್ರ ಕಂಡರೆ ಸರಿಯಾಯಿತು. ಬೆಂಡಿನಲ್ಲಿ ಹಿಡಿಯುವಾಗ ಕಯಾಕನ್ನು ಎರಡೂ ತುದಿಯಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಅದರ ತೂಗಾಟ ಬೆಂಡನ್ನು ಎಳೆದಾಡುತ್ತದೆ.

ಲೂರ್ (ಕೃತಕ ಎರೆ) ಎಸೆಯುವವರು ಮೂರು ಮುಳ್ಳಿನ ಕೊಕ್ಕೆ ಇರುವುದನ್ನು ಕಳೆಯ ಕೆರೆಗೆ ತರಬೇಡಿ. ರಬ್ಬರ್ ಕಪ್ಪೆ, ಕೊಕ್ಕೆಯ ತುದಿ ಮೈಯಲ್ಲೇ ಮುಚ್ಚಿರುವ ಮೆದು ಪ್ಲಾಸ್ಟಿಕ್ ಹುಳು, 7ರಿಂದ 10 ಗ್ರಾಂ ಸ್ಪಿನ್ನರ್‌ಬೈಟ್ (ತಿರುಗುವ ಲೋಹದ ತಗಡಿರುವ ಲೂರ್), ಇಷ್ಟು ಸಾಕು. ಕಪ್ಪೆಯ ಮೇಲೆ ಮೀನು ಎರಗಿದಾಗ ಸದ್ದಿಗೇ ಎಳೆದರೆ ಕಪ್ಪೆ ಬಾಯಿಂದ ಹೊರಬರುತ್ತದೆ. ರಾಡ್ ತಗ್ಗಿಸಿ, ಲೈನ್ ಬಿಗಿಯಾಗಿ ಮೀನಿನ ಭಾರ ಕೈಗೆ ತಾಕಿದ ಮೇಲೆ ಎಳೆಯಿರಿ. ಎಳೆಯುವುದು ಕಯಾಕ್‌ನ ಉದ್ದದ ದಿಕ್ಕಿಗೆ. ಪಕ್ಕಕ್ಕೆ ಜೋರಾಗಿ ಎಳೆದು ಕೊಕ್ಕೆ ತಪ್ಪಿದರೆ ಮೈ ಹಿಂದಕ್ಕೆ ವಾಲುತ್ತದೆ. ಮಗುಚುವುದು ಎಷ್ಟೋ ಸಲ ಹೀಗೆಯೇ.

ನಾನು ಹತ್ತಿರ ಹೋದರೆ ಮೀನು ಓಡುತ್ತದೆ. ಏನು ತಪ್ಪು?

ಸದ್ದು ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ, ಪ್ಲಾಸ್ಟಿಕ್ ಕಯಾಕ್ ಒಳಗೆ ಟೊಳ್ಳು. ಇಕ್ಕಳ ಬಿದ್ದರೆ ತಮಟೆ ಬಾರಿಸಿದ ಹಾಗೆ. ಕಾಲಿಡುವ ಜಾಗಕ್ಕೂ ಡಬ್ಬಿ ಇಡುವ ಜಾಗಕ್ಕೂ 3ರಿಂದ 5 ಮಿ.ಮೀ. ದಪ್ಪದ ಫೋಮ್ ಹಾಳೆ ಅಂಟಿಸಿ. ಹಿಡಿಯುವ ಜಾಗಕ್ಕೆ 25 ಮೀಟರ್ ಇರುವಾಗಲೇ ಪ್ಯಾಡಲ್ ನಿಲ್ಲಿಸಿ, ಉಳಿದ ದೂರ ತಾನಾಗಿ ಜಾರಿ ಹೋಗಲಿ. ಅರ್ಧ ಮೀಟರ್‌ಗಿಂತ ಕಡಿಮೆ ನೀರಿನಲ್ಲಿ ಪ್ಯಾಡಲ್ ತಳ ಕೆದಕಿ ಕೆಸರೆಬ್ಬಿಸುತ್ತದೆ, ಅಲ್ಲಿ ಊರುಗೋಲಿನಿಂದ ಹಿಂದಿನಿಂದ ಮೆಲ್ಲಗೆ ತಳ್ಳಿ. ಮೂತಿಯ ಕೆಳಗೆ ಅಲೆ ಪಟಪಟ ಬಡಿಯುತ್ತಿದ್ದರೆ ಕಯಾಕನ್ನು ಸ್ವಲ್ಪ ಓರೆಯಾಗಿಸಿ. ಸೂರ್ಯ ಬೆನ್ನ ಹಿಂದೆ ತಗ್ಗಿನಲ್ಲಿದ್ದರೆ ನಿಮ್ಮ ನೆರಳು ನಿಮಗಿಂತ ಮುಂಚೆ ಹೋಗಿ ತಲುಪುತ್ತದೆ, ಅದನ್ನೂ ನೋಡಿಕೊಳ್ಳಿ.

ಹೋದ ಕೂಡಲೇ ದೂರಕ್ಕೆ ಎಸೆಯಬೇಡಿ. ಮೊದಲು ಹತ್ತಿರ, ಆಮೇಲೆ ದೂರ. ಹತ್ತಿರದ ಮೀನಿನ ಮೇಲಿಂದ ಲೈನ್ ಹಾದರೆ ಅದು ಓಡುವಾಗ ದೂರದ್ದನ್ನೂ ಓಡಿಸುತ್ತದೆ.

ದೊಡ್ಡ ಮೀನು ಕಚ್ಚಿದರೆ ಕಯಾಕ್ ಎಳೆದುಕೊಂಡು ಹೋಗುತ್ತದಾ?

ಹೋಗುತ್ತದೆ, ಹೋಗಲಿ ಬಿಡಿ. ರಾಡಿನ ತುದಿ ಮೂತಿಯ ಕಡೆಗಿರಲಿ, ಕಯಾಕ್ ತಾನೇ ಮೀನಿನ ದಿಕ್ಕಿಗೆ ತಿರುಗುತ್ತದೆ. ಜೊಂಡಿನ ಕಡೆ ಹೊರಟರೆ ಮಾತ್ರ ಕೈಪ್ಯಾಡಲ್‌ನಿಂದ ಹಿಮ್ಮುಖ ಹಾಕಿ ತಡೆಯಿರಿ. ಹತ್ತಿರ ಬಂದಾಗ ರಾಡನ್ನು ನೆತ್ತಿಯ ಮೇಲೆ ನೆಟ್ಟಗೆ ಎತ್ತಬೇಡಿ, ಅಲ್ಲಿಯೇ ರಾಡ್ ಮುರಿಯುವುದು. ಕೆಳಗೆ ನುಗ್ಗಿದರೆ ತುದಿಯನ್ನು ನೀರಿಗಿಳಿಸಿ ಮೂತಿ ಸುತ್ತಿಸಿ. ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲೆ ತನ್ನಿ. ಮೀನಿನ ಕಡೆ ಬಾಗುವುದು ಕೈ ಮಾತ್ರ, ತಲೆ ಅಂಚು ದಾಟಬಾರದು. ತಲೆ ಹೋದ ಕಡೆ ಮೈ ಹೋಗುತ್ತದೆ.

ಬಿಡುವ ಮೀನನ್ನು ಹೇಗೆ ಹಿಡಿದುಕೊಳ್ಳಬೇಕು?

ಸಾಧ್ಯವಾದರೆ ಹಿಡಿಯಲೇಬೇಡಿ. ರಬ್ಬರ್ ಬಲೆಯಲ್ಲಿ, ನೀರಿನಲ್ಲೇ ಇಟ್ಟು ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆ ತೆಗೆಯಿರಿ. ಕೊಕ್ಕೆಯ ಹಿಮ್ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟಿದ್ದರೆ ಇದು ಎರಡು ಕ್ಷಣದ ಕೆಲಸ. ಎತ್ತಲೇಬೇಕಾದರೆ ಕೈ ಒದ್ದೆ ಮಾಡಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು ಅಡ್ಡಲಾಗಿ ಹಿಡಿಯಿರಿ, ಅರ್ಧ ನಿಮಿಷದೊಳಗೆ ನೀರಿಗೆ. ತಿನ್ನಲು ಇಟ್ಟುಕೊಳ್ಳುವ ಮೀನನ್ನು ಒಡನೆಯೇ ಕೊಂದು ಐಸಿನಲ್ಲಿಡಿ, ದಾರಕ್ಕೆ ಪೋಣಿಸಿ ಗಂಟೆಗಟ್ಟಲೆ ಎಳೆದಾಡಬೇಡಿ.

ಕೊಕ್ಕೆ ಕೈಗೆ ಚುಚ್ಚಿಕೊಂಡರೆ?

ಮೊದಲು ಲೈನ್ ಕತ್ತರಿಸಿ, ಒದ್ದಾಡುವ ಮೀನು ಬೇರೆಯಾಗಲಿ. ಹಿಮ್ಮುಳ್ಳು ಒತ್ತಿದ ಕೊಕ್ಕೆಯಾದರೆ ಬಂದ ದಾರಿಯಲ್ಲೇ ಜಾರಿ ಹೊರಬರುತ್ತದೆ. ಹಿಮ್ಮುಳ್ಳು ಒಳಗೆ ಹೋಗಿದ್ದರೆ ಎಳೆಯಬೇಡಿ. ಹೊರಗಿನ ಭಾಗ ಅಲುಗದಂತೆ ಬಟ್ಟೆ ಸುತ್ತಿ ದಡಕ್ಕೆ ಬಂದು ವೈದ್ಯರ ಹತ್ತಿರ ಹೋಗಿ. ಕಣ್ಣು, ಮುಖ, ಕುತ್ತಿಗೆ, ಕೀಲುಗಳ ಹತ್ತಿರವಾದರೆ ಮುಟ್ಟಲೇಬಾರದು. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಎಂದು ಅವರು ಕೇಳುತ್ತಾರೆ, ತಿಳಿದಿರಲಿ.

ದಡದಲ್ಲಿ ಕೂತವರ ಜೊತೆ ಜಗಳ ಬಾರದಂತೆ ಏನು ಮಾಡಬೇಕು?

ಅವರು ಎಸೆಯುವ ದೂರಕ್ಕಿಂತ ಹೊರಗಿರಿ. 50 ಮೀಟರ್ ಬಿಟ್ಟರೆ ಸಾಮಾನ್ಯವಾಗಿ ಸಾಕು. ಅವರ ಲೈನ್ ಯಾವ ಕಡೆ ಇದೆ ಎಂದು ತಿಳಿಯದಿದ್ದರೆ ಕೂಗಿ ಕೇಳಿ. ಅವರಿಗೆ ಇರುವುದು ಆ ಒಂದು ಜಾಗ, ನಿಮಗೆ ಇಡೀ ಕೆರೆ ಇದೆ, ಬಿಟ್ಟುಕೊಡಬೇಕಾದವರು ನೀವೇ.

ಕಯಾಕ್‌ನ ಒಳಗೆ ನೀರು ಸೇರುತ್ತಿದೆ. ಎಲ್ಲಿಂದ?

ಹಿಂದಿನ ಬಿರಡೆ ಸಡಿಲವಾಗಿದೆಯೇ, ಮುಚ್ಚಳದ ರಬ್ಬರ್ ಹರಿದಿದೆಯೇ ನೋಡಿ. ಆಮೇಲೆ ನೀವೇ ಕೂರಿಸಿದ ರಾಡ್ ಹೋಲ್ಡರ್‌ಗಳ ಸ್ಕ್ರೂಗಳು. ಸೀಲಂಟ್ ಹಚ್ಚದೆ ತಿರುಪಿದ ಸ್ಕ್ರೂ ಸೋರದೆ ಇರುವುದು ಅಪರೂಪ. ಗೊತ್ತಾಗದಿದ್ದರೆ ಕಯಾಕನ್ನು ನೆಲದಿಂದ ಎತ್ತಿ ಇಟ್ಟು ಹೊರಗೆಲ್ಲ ಒರೆಸಿ, ಒಳಗೆ ಐದಾರು ಲೀಟರ್ ನೀರು ಹಾಕಿ ಒಂದೊಂದೇ ಕಡೆಗೆ ವಾಲಿಸಿ. ಒಳಗಿನಿಂದ ಹನಿ ಎಲ್ಲಿ ಹೊರಬರುತ್ತದೋ ಅಲ್ಲಿಯೇ ಬಿರುಕು.

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತಿದೆ. ಹೋಗಬಹುದಾ?

ಬೇಡ. ಪೇಂಟ್ ಸುರಿದ ಹಾಗೆ ಹಸಿರು ಅಥವಾ ನೀಲಿಹಸಿರು ಕೆನೆ ಕಟ್ಟಿದ್ದರೆ ಅದು ನೀಲಿಹಸಿರು ಪಾಚಿಯಾಗಿರಬಹುದು. ಅದರ ಕೆಲವು ಬಗೆ ವಿಷ ಬಿಡುತ್ತವೆ, ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅಲ್ಲಿಯ ಮೀನು ತಿನ್ನಬೇಡಿ, ನಾಯಿಯನ್ನು ನೀರಿಗೆ ಬಿಡಬೇಡಿ, ಮೈಗೆ ತಾಕಿದ್ದರೆ ಶುದ್ಧ ನೀರಿನಲ್ಲಿ ತೊಳೆಯಿರಿ.

ಗುಡುಗು ಕೇಳಿಸಿದರೆ?

ಒಂದೇ ಗುಡುಗಿಗೂ ದಡ ಸೇರಿ. ಬಯಲು ನೀರಿನಲ್ಲಿ ಎತ್ತರದ್ದು ನೀವೇ, ಕೈಯಲ್ಲಿರುವ ಕಾರ್ಬನ್ ರಾಡ್ ವಿದ್ಯುತ್ ಹರಿಸುವ ವಸ್ತು. ಒಂಟಿ ಮರದ ಕೆಳಗೆ ನಿಲ್ಲದೆ ಕಟ್ಟಡಕ್ಕೋ ಕಾರಿನೊಳಕ್ಕೋ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮತ್ತೆ ಇಳಿಯಬಾರದು. ಕೆರೆಯ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಬಿಸಿಲಿನ ದಿನವೂ ಅದರ ಕೆಳಗೆ ರಾಡ್ ಎತ್ತಬೇಡಿ.

ಹಿಡಿದು ಮುಗಿದ ಮೇಲೆ ಏನು ಮಾಡಬೇಕು?

ದಡದಲ್ಲೇ ಬಿರಡೆ ತೆಗೆದು ಒಳಗಿನ ನೀರೆಲ್ಲ ಇಳಿಸಿ. ತಳದ ತೂತು, ಲಂಗರಿನ ಮಡಿಕೆ, ಬಲೆಯ ಕಣ್ಣು, ಹಗ್ಗ, ಇವುಗಳಲ್ಲಿ ಸಿಕ್ಕ ಕಳೆಯ ಚೂರನ್ನು ಕೈಯಿಂದ ಆರಿಸಿ ದಡದ ಒಣ ನೆಲಕ್ಕೆ ಹಾಕಿ. ಹಲವು ಜಲಕಳೆಗಳಿಗೆ ಬೆರಳುದ್ದದ ಒಂದು ತುಂಡು ಸಾಕು, ಇನ್ನೊಂದು ಕೆರೆಯಲ್ಲಿ ಬೇರುಬಿಟ್ಟು ಹಬ್ಬುತ್ತವೆ. ಉಳಿದ ಜೀವಂತ ಎರೆಮೀನನ್ನು ಕೆರೆಗೆ ಸುರಿಯಬೇಡಿ. ಲೈನಿನ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ, ಹಕ್ಕಿಯ ಕಾಲಿಗೆ ಸುತ್ತಿಕೊಂಡ ಲೈನ್ ತಾನಾಗಿ ಬಿಚ್ಚುವುದಿಲ್ಲ. ಸೀಸದ ಚಿಕ್ಕ ಗುಂಡುಗಳ ಬದಲು ಉಕ್ಕು ಅಥವಾ ಟಂಗ್‌ಸ್ಟನ್ ಬಳಸಿ. ಕಲ್ಲುಹರಳು ಎಂದು ಸೀಸ ನುಂಗಿದ ನೀರುಹಕ್ಕಿಗಳು ಸಾಯುತ್ತಿದ್ದ ಕಾರಣಕ್ಕೇ ಬ್ರಿಟನ್ 1987ರಲ್ಲಿ ಬಹುತೇಕ ಸಣ್ಣ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿತು.

ಮನೆಗೆ ಬಂದ ಮೇಲೆ ಕಯಾಕನ್ನು ತೊಳೆದು, ಮುಚ್ಚಳ ತೆರೆದು, ನೆರಳಿನಲ್ಲಿ ಬೋರಲಾಗಿ ಅಥವಾ ಪಕ್ಕಕ್ಕೆ ವಾಲಿಸಿ ಇಡಿ. ಬಿಸಿಲಿನಲ್ಲಿ ಪಟ್ಟಿ ಬಿಗಿದೇ ಬಿಟ್ಟರೆ ಪಾಲಿಎಥಿಲೀನ್ ಮೆದುವಾಗಿ ತಳ ತಗ್ಗುತ್ತದೆ. ಬೇರೆ ಕೆರೆಗೆ ಒಯ್ಯುವ ಮೊದಲು ಹಗ್ಗ, ಬಲೆ, ಸೀಟಿನ ಬಟ್ಟೆ ಎಲ್ಲ ಪೂರ್ತಿ ಒಣಗಿರಬೇಕು. ಒಣಗಲು ಅತಿ ತಡವಾಗುವುದು ಲಂಗರಿನ ಹಗ್ಗ, ಅದನ್ನು ಸುತ್ತಿಡದೆ ನೇತುಹಾಕಿ.